ಹೊಸ ಬೋರ್ಡು ಕೊಳ್ಳುವ ಮೊದಲು ಫಿನ್ ಬದಲಿಸಿ ನೋಡಿ

ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ಆರು ಅಡಿ ನಾಲ್ಕು ಇಂಚಿನ ಸರ್ಫ್‌ಬೋರ್ಡೊಂದನ್ನು ನಾನು ಐದು ವಾರ ಬೈದಿದ್ದೇನೆ. ಅಲೆ ಹಿಡಿಯುತ್ತಿತ್ತು, ಎದ್ದು ನಿಲ್ಲಲೂ ಬಿಡುತ್ತಿತ್ತು, ಆದರೆ ತಿರುಗಿಸಲು ಹೋದರೆ ಯಾರೋ ಹಿಂದಿನಿಂದ ಹಗ್ಗ ಕಟ್ಟಿ ಎಳೆದ ಹಾಗೆ. ಮಾರಿಬಿಡೋಣ ಅಂತ ಫೋಟೋ ಕೂಡ ತೆಗೆದಾಗಿತ್ತು. ಆ ದಿನ ಮೂಲ್ಕಿ ಹತ್ತಿರದ ಸಸಿಹಿತ್ಲುವಿನ ಮರಳಲ್ಲಿ ನನ್ನ ಪಕ್ಕ ತನ್ನ ಬೋರ್ಡಿಗೆ ವ್ಯಾಕ್ಸ್ ಉಜ್ಜುತ್ತ ಕೂತಿದ್ದ ಹನ್ನೆರಡು ಹದಿಮೂರು ವರ್ಷದ ಹುಡುಗನೊಬ್ಬ ನನ್ನ ಬೋರ್ಡಿನ ಅಡಿ ನೋಡಿ, "ಅಣ್ಣಾ, ಇದೆಂತ, ಎಡಗಡೆಯದ್ದು ಬಲಗಡೆ ಹಾಕಿದ್ದೀರಲ್ಲ?" ಅಂದ. ಹೌದು. ಬೋರ್ಡಿನ ಅಡಿಯಲ್ಲಿ, ಹಿಂತುದಿ ಅಂದರೆ ಬಾಲದ ಹತ್ತಿರ, ಮೀನಿನ ರೆಕ್ಕೆಯ ಹಾಗೆ ನಿಂತಿರುವುದೇ ಫಿನ್. ಅವುಗಳಲ್ಲಿ ಪಕ್ಕದ ಎರಡು ಅದಲು ಬದಲಾಗಿದ್ದವು. ಬಿಚ್ಚಿ, ಸರಿಮಾಡಿ, ನೀರಿಗಿಳಿದೆ. ಮೊದಲ ಅಲೆಯಲ್ಲೇ ಬಿದ್ದೆ, ಯಾಕೆಂದರೆ ಆ ಬೋರ್ಡು ಅಷ್ಟು ಬೇಗ ತಿರುಗುತ್ತದೆ ಅಂತ ನಾನು ಕನಸಲ್ಲೂ ಎಣಿಸಿರಲಿಲ್ಲ.

ಬೋರ್ಡು ಮಾರಲಿಲ್ಲ. ಅಲ್ಲಿಂದ ಮುಂದೆ ಒಂದಿಡೀ ಸೀಸನ್ ಅದೇ ಬೋರ್ಡಿಗೆ ಒಂದು, ಎರಡು, ಮೂರು, ನಾಲ್ಕು ಫಿನ್ ಹಾಕಿ ಆಡಿದೆ. ಒಂದು ಫಿನ್ ಹಾಕಿದ್ದು ಮಾತ್ರ ಬರೀ ತಮಾಷೆಗೆ, ಅದರ ಕಥೆ ಬೇರೆ. ಆಗ ಗೊತ್ತಾದದ್ದನ್ನು ಕ್ರಮವಾಗಿ ಹೇಳುತ್ತೇನೆ.

ಮೊದಲೇ ಒಂದು ಮಾತು. ನೀವಿನ್ನೂ ನೊರೆ ಅಲೆಯಲ್ಲಿ ಫೋಮ್ ಬೋರ್ಡಿನ ಮೇಲೆ ಎದ್ದು ನಿಲ್ಲಲು ಕಲಿಯುತ್ತಿದ್ದರೆ ಇದ್ಯಾವುದೂ ಬೇಡ. ಕಲಿಸುವವರು ಕೊಟ್ಟ ಮೆತ್ತನೆ ಫಿನ್ ಸಾಕು, ಬೇರೆಯವರ ಕಾಲಿಗೆ ತಾಗಿದರೂ ಗಾಯ ಕಮ್ಮಿ. ಒಡೆಯದ ಅಲೆಯ ಮೈ ಮೇಲೆ ಎಡಕ್ಕೋ ಬಲಕ್ಕೋ ಅಡ್ಡಡ್ಡ ಹೋಗಲು ಬಂದ ಮೇಲೆ ಇಲ್ಲಿಗೆ ಬನ್ನಿ.

ಮೊದಲು ಬೋರ್ಡನ್ನು ಬೋರಲು ಹಾಕಿ

ಫಿನ್ ಕೂರುವ ಗೂಡಿಗೆ ಬಾಕ್ಸ್ ಅನ್ನುತ್ತಾರೆ. ನಿಮ್ಮ ಬೋರ್ಡಿನಲ್ಲಿ ಯಾವ ಬಾಕ್ಸ್ ಇದೆ ಅಂತ ತಿಳಿಯದೆ ಫಿನ್ ಕೊಂಡರೆ ದುಡ್ಡು ನೀರಿಗೆ. ಎಫ್‌ಸಿಎಸ್, ಫ್ಯೂಚರ್ಸ್ ಅಂತ ಎರಡು ಕಂಪನಿಗಳ ಬಾಕ್ಸ್ ಹೆಚ್ಚು ಕಾಣುತ್ತವೆ. ಒಂದೊಂದು ಫಿನ್‌ಗೂ ಎರಡೆರಡು ಸಣ್ಣ ಗುಂಡಿ, ಅದರ ಪಕ್ಕ ಪುಟ್ಟ ಸ್ಕ್ರೂ ಇದ್ದರೆ ಅದು ಹಳೇ ಎಫ್‌ಸಿಎಸ್. ಒಂದೇ ಉದ್ದನೆಯ ಸೀಳು, ಅದರ ತುದಿಯಲ್ಲಿ ಒಂದು ಸ್ಕ್ರೂ ಇದ್ದರೆ ಬಹುತೇಕ ಫ್ಯೂಚರ್ಸ್. ಸ್ಕ್ರೂ ಇಲ್ಲದೆ ಒತ್ತಿ ಕೂರಿಸುವಂಥದ್ದು ಎಫ್‌ಸಿಎಸ್ ಟೂ. ಫ್ಯೂಚರ್ಸ್ ಫಿನ್ ಎಫ್‌ಸಿಎಸ್ ಬಾಕ್ಸ್‌ಗೆ ಕೂರುವುದಿಲ್ಲ, ಎಫ್‌ಸಿಎಸ್ ಫಿನ್ ಫ್ಯೂಚರ್ಸ್ ಬಾಕ್ಸ್‌ಗೂ ಕೂರುವುದಿಲ್ಲ. ಲಾಂಗ್‌ಬೋರ್ಡಿನ (ಒಂಬತ್ತು, ಹತ್ತು ಅಡಿಯ ಬೋರ್ಡು) ಬಾಲದ ಹತ್ತಿರ ನಡುಗೆರೆಯಲ್ಲಿ ಒಂದು ಗೇಣಿನಷ್ಟು ಉದ್ದದ ಸೀಳು ಇರುತ್ತದೆ, ಅದರಲ್ಲಿ ಫಿನ್‌ ಅನ್ನು ಹಿಂದೆ ಮುಂದೆ ಸರಿಸಬಹುದು. ಇದು ತುಂಬ ಉಪಯೋಗದ ಸಂಗತಿ, ಆಮೇಲೆ ಬರುತ್ತೇನೆ.

ಸ್ಕ್ರೂ ಬಿಚ್ಚುವ ಎಲನ್ ಕೀ ಅಳತೆ ಇಂಚಿನ ಲೆಕ್ಕದ್ದು, 3/32 ಇಂಚು. ಅಂದರೆ 2.4 ಮಿಲಿಮೀಟರ್ ಹತ್ತಿರ. ನಮ್ಮ ಹಾರ್ಡ್‌ವೇರ್ ಅಂಗಡಿಯ ಸೆಟ್ಟಿನಲ್ಲಿ 2 ಇರುತ್ತದೆ, 2.5 ಇರುತ್ತದೆ. ಎರಡೂವರೆಯದು ಒಳಗೆ ಹೋಗುವುದಿಲ್ಲ, ಎರಡರದ್ದು ಸುಮ್ನೆ ತಿರುಗಿ ಸ್ಕ್ರೂ ತಲೆಯನ್ನೇ ತಿಂದುಹಾಕುತ್ತದೆ. ಸರಿಯಾದ ಕೀ ಒಂದನ್ನು ಫಿನ್ ಜೊತೆಗೇ ತರಿಸಿಕೊಳ್ಳಿ.

ಈಗ ಫಿನ್‌ ಅನ್ನು ಕೈಯಲ್ಲಿ ಹಿಡಿದು ನೋಡಿ. ಪಕ್ಕದ ಫಿನ್‌ನ ಒಂದು ಮುಖ ಚಪ್ಪಟೆ, ಇನ್ನೊಂದು ಮುಖ ಉಬ್ಬಿಕೊಂಡಿರುತ್ತದೆ. ಚಪ್ಪಟೆ ಮುಖ ಬೋರ್ಡಿನ ನಡುಗೆರೆಯ ಕಡೆಗೆ ಇರಬೇಕು, ಉಬ್ಬು ಹೊರಗೆ. ನಡುವಿನ ಫಿನ್ ಎರಡೂ ಕಡೆ ಒಂದೇ ಥರ ಉಬ್ಬಿರುತ್ತದೆ. ಎಲ್ಲದರ ತುದಿಯೂ ಬಾಲದ ಕಡೆಗೆ ಬಾಗಿರಬೇಕು. ನಾನು ಐದು ವಾರ ತಪ್ಪಿದ್ದು ಇಷ್ಟರಲ್ಲೇ.

ಫಿನ್ ನೀರಿನೊಳಗೆ ಏನು ಮಾಡುತ್ತದೆ

ಫಿನ್ ಅಂದರೆ ದೋಣಿಯ ಚುಕ್ಕಾಣಿ ಅಂತ ತುಂಬ ಜನ ಹೇಳುತ್ತಾರೆ. ಅರ್ಧ ಸರಿ. ಚುಕ್ಕಾಣಿಯನ್ನು ನಾವು ತಿರುಗಿಸುತ್ತೇವೆ, ಫಿನ್ ಅಲ್ಲಾಡುವುದಿಲ್ಲ. ನಾವು ಬೋರ್ಡನ್ನು ವಾಲಿಸುತ್ತೇವೆ, ಆಗ ನೀರು ಫಿನ್‌ಗೆ ಓರೆಯಾಗಿ ಬಡಿಯುತ್ತದೆ, ಉಬ್ಬಿದ ಮುಖದ ಮೇಲೆ ಜೋರಾಗಿ ಹರಿಯುತ್ತದೆ, ಫಿನ್ ಆ ಕಡೆಗೆ ಎಳೆಯುತ್ತದೆ. ವಿಮಾನದ ರೆಕ್ಕೆಯನ್ನು ಲಂಬವಾಗಿ ನಿಲ್ಲಿಸಿದ ಹಾಗೆ. ಈ ಎಳೆತವೇ ಬೋರ್ಡು ಅಲೆಯಿಂದ ಕೆಳಕ್ಕೆ ಜಾರದಂತೆ ಹಿಡಿಯುವುದು, ತಿರುವಿನಿಂದ ಹೊರಗೆ ಬರುವಾಗ ಮುಂದಕ್ಕೆ ತಳ್ಳುವುದೂ ಇದೇ.

ಹವಾಯಿಯ ಮರದ ಹಲಗೆಗಳಿಗೆ ಮೊದಲು ಫಿನ್ನೇ ಇರಲಿಲ್ಲ. ಕಾಲನ್ನು ನೀರಿಗೆ ಅದ್ದಿ ದಿಕ್ಕು ಬದಲಿಸುತ್ತಿದ್ದರಂತೆ. 1935ರಲ್ಲಿ ಟಾಮ್ ಬ್ಲೇಕ್ ಎಂಬಾತ ವೈಕಿಕಿಯಲ್ಲಿ ಹಳೇ ಮೋಟಾರು ದೋಣಿಯೊಂದರ ಅಡಿಯ ಲೋಹದ ಪಟ್ಟಿಯನ್ನು ಬೋರ್ಡಿಗೆ ಜೋಡಿಸಿದ. ಬಾಲ ಜಾರುವುದು ನಿಂತಿತು. ಅಲ್ಲಿಂದ ಇಲ್ಲಿಯವರೆಗಿನ ಕಥೆಯೆಲ್ಲ ಒಂದೇ ಚೌಕಾಸಿ: ಎಷ್ಟು ಹಿಡಿತ ಬೇಕು, ಅದಕ್ಕೆ ಎಷ್ಟು ವೇಗ ಕೊಡಲು ತಯಾರಿದ್ದೀರಿ. ನೀರಿನೊಳಗೆ ಇಳಿದ ಪ್ರತಿ ಫಿನ್‌ ಕೂಡ ಸ್ವಲ್ಪ ತಡೆಯುತ್ತದೆ.

ಫಿನ್‌ನಲ್ಲಿ ಮೂರು ಅಳತೆ ನೋಡಿದರೆ ಸಾಕು. ಬುಡ ಎಷ್ಟು ಅಗಲ, ಎಷ್ಟು ಎತ್ತರ, ಹಿಂದಕ್ಕೆ ಎಷ್ಟು ಬಾಗಿದೆ. ಬುಡ ಅಗಲವಿದ್ದರೆ ತಳ್ಳು ಜಾಸ್ತಿ. ಎತ್ತರ ಇದ್ದರೆ ಹಿಡಿತ ಜಾಸ್ತಿ. ಬಾಗು ಜಾಸ್ತಿ ಇದ್ದರೆ ತಿರುವು ದೊಡ್ಡ ಕಮಾನಿನ ಹಾಗೆ ಉದ್ದಕ್ಕೆ ಬರುತ್ತದೆ, ನೆಟ್ಟಗೆ ನಿಂತ ಫಿನ್ ಇದ್ದರೆ ಇದ್ದಲ್ಲೇ ಗಕ್ಕನೆ ತಿರುಗುತ್ತದೆ. ಒತ್ತಿದರೆ ಮಣಿಯುವ ಗುಣ ಅನ್ನುವುದೂ ಒಂದಿದೆ, ಬೋರ್ಡಿನ ಜೊತೆ ಪುಕ್ಕಟೆ ಬರುವ ಪ್ಲಾಸ್ಟಿಕ್ ಫಿನ್‌ನ ತುದಿಯನ್ನು ಹೆಬ್ಬೆರಳಲ್ಲಿ ಒತ್ತಿದರೆ ಹಪ್ಪಳದ ಹಿಟ್ಟಿನ ಹಾಗೆ ಬಾಗುತ್ತದೆ. ಜೋರು ತಿರುವಿನಲ್ಲಿ ನೀವು ಕೊಟ್ಟ ಶಕ್ತಿ ಅಲ್ಲೇ ಸೋರಿಹೋಗುತ್ತದೆ. ಫೈಬರ್‌ಗ್ಲಾಸ್ ಫಿನ್‌ಗೆ ಬದಲಿಸಿದ ದಿನ ಇದು ಕಾಲಿಗೇ ಗೊತ್ತಾಗುತ್ತದೆ.

ಮೂರು ಫಿನ್‌ನಿಂದ ಶುರು ಮಾಡಿ

ಹೋಲಿಸಲು ಒಂದು ಅಳತೆಗೋಲು ಬೇಕಲ್ವಾ? ಅದು ಥ್ರಸ್ಟರ್, ಅಂದರೆ ಒಂದೇ ಅಳತೆಯ ಮೂರು ಫಿನ್. ಪಕ್ಕದಲ್ಲಿ ಎರಡು, ಬಾಲದ ಹತ್ತಿರ ನಡುವೆ ಒಂದು. ಈಗ ಅಂಗಡಿಯಲ್ಲಿ ಸಿಗುವ ಶಾರ್ಟ್‌ಬೋರ್ಡುಗಳಲ್ಲಿ ಹೆಚ್ಚಿನವು ಇವೇ.

ಇದನ್ನು ಕೊಟ್ಟವರು ಆಸ್ಟ್ರೇಲಿಯದ ಸೈಮನ್ ಆಂಡರ್ಸನ್, ಸಿಡ್ನಿಯ ನ್ಯಾರಬೀನ್ ತೀರದವರು. ಎತ್ತರದ, ಭಾರದ ಆಳು. ಆಗ ಎರಡು ಫಿನ್‌ನ ಕಾಲ, ಮಾರ್ಕ್ ರಿಚರ್ಡ್ಸ್ ಎರಡು ಫಿನ್ ಹಾಕಿಕೊಂಡು 1979ರಿಂದ 1982ರವರೆಗೆ ಸತತ ನಾಲ್ಕು ವರ್ಷ ವಿಶ್ವ ಚಾಂಪಿಯನ್. ಆಂಡರ್ಸನ್ ತೂಕಕ್ಕೆ ಆ ಬೋರ್ಡುಗಳು ದೊಡ್ಡ ಅಲೆಯಲ್ಲಿ ಜಾರುತ್ತಿದ್ದವು. 1980ರ ಕೊನೆಯಲ್ಲಿ ಅವರು ನಡುವೆ ಮೂರನೆಯದೊಂದನ್ನು ಸೇರಿಸಿದರು, 1981ರಲ್ಲಿ ಬೆಲ್ಸ್ ಬೀಚಿನ ಭಾರಿ ಅಲೆಗಳಲ್ಲಿ ಅದೇ ಬೋರ್ಡಿನಲ್ಲಿ ಸ್ಪರ್ಧೆ ಗೆದ್ದರು, ಅದೇ ವರ್ಷ ಹವಾಯಿಯ ಪೈಪ್‌ಲೈನ್‌ನಲ್ಲೂ ಗೆದ್ದರು. ಪೇಟೆಂಟ್ ಮಾಡಿಸಲಿಲ್ಲ. ಸಿಡ್ನಿಯಲ್ಲಿರುವ ಕನ್ನಡಿಗರು ವಾರಾಂತ್ಯಕ್ಕೆ ನ್ಯಾರಬೀನ್ ಕಡೆ ಹೋದರೆ ನೀರಲ್ಲಿರುವ ಬೋರ್ಡುಗಳ ಅಡಿಯನ್ನೊಮ್ಮೆ ಎಣಿಸಿ ನೋಡಿ.

ಅಳತೆ ನಿಮ್ಮ ತೂಕದ ಮೇಲೆ. 55ರಿಂದ 70 ಕಿಲೋ ಇದ್ದರೆ ಸ್ಮಾಲ್, 65ರಿಂದ 80ಕ್ಕೆ ಮೀಡಿಯಂ, 75ರಿಂದ 90ಕ್ಕೆ ಲಾರ್ಜ್, ಹೆಚ್ಚುಕಮ್ಮಿ ಇದೇ ಲೆಕ್ಕ. ಒಂದಕ್ಕೊಂದು ಸ್ವಲ್ಪ ಹೊಂದಿಕೊಂಡಿರುವುದು ಬೇಕಂತಲೇ: ಎರಡರ ನಡುವೆ ಇದ್ದು ಕಾಲಿಗೆ ಬಲ ಜಾಸ್ತಿ ಅನಿಸಿದರೆ ದೊಡ್ಡದು ತಗೊಳ್ಳಿ, ಬೋರ್ಡು ಬಿಗಿಯಾಗಿದೆ ಅನಿಸಿದರೆ ಸಣ್ಣದು. ನಾನು 76 ಕಿಲೋ, ಮೀಡಿಯಂ ಹಾಕುತ್ತೇನೆ.

ಥ್ರಸ್ಟರ್ ಮೇಲೆ ನಿಮಗೆ ಏನನಿಸಬೇಕು? ಒಂದು, ಬಾಲ ಒತ್ತಿದಾಗ ಕೆಳಗೆ ಏನೋ ಗಟ್ಟಿಯಾದದ್ದು ಇದೆ ಅಂತ ಅನಿಸುತ್ತದೆ. ಒದ್ದು ತಿರುಗಿಸಬಹುದು, ಎಲ್ಲಿ ನಿಲ್ಲುತ್ತದೆ ಅಂತ ಮೊದಲೇ ಗೊತ್ತಿರುತ್ತದೆ. ಎರಡು, ಸುಮ್ನೆ ನಿಂತರೆ ವೇಗ ಬರುವುದಿಲ್ಲ. ಉಯ್ಯಾಲೆ ಜೀಕಿದ ಹಾಗೆ ಮೇಲೆ ಕೆಳಗೆ ಮೈ ಜೀಕುತ್ತಿರಬೇಕು. ನಡುವಿನ ಫಿನ್ ಹಿಡಿತ ಕೊಡುತ್ತದೆ, ಬದಲಿಗೆ ಬ್ರೇಕ್ ಹಾಕುತ್ತದೆ. ಈ ಜೀಕುವಿಕೆ ಬಾರದವರಿಗೆ ಸೊಂಟಮಟ್ಟದ ಅಲೆಯಲ್ಲಿ ಥ್ರಸ್ಟರ್ ನಿಂತೇಹೋದ ಹಾಗೆ ಆಗುತ್ತದೆ. ನಮ್ಮ ಕರಾವಳಿಯಲ್ಲಿ ವರ್ಷದ ಹೆಚ್ಚಿನ ದಿನ ಅಲೆ ಅಷ್ಟೇ ಇರುವುದು, ಮಳೆ ಹಿಡಿಯುವ ಮುಂಚಿನ ಮೇ ತಿಂಗಳು ಬಿಟ್ಟರೆ. 2016ರ ಮೇ ಕೊನೆಯಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸಸಿಹಿತ್ಲುವಿನಲ್ಲೇ ನಡೆದದ್ದು, ದಿನ ಆರಿಸಿದವರಿಗೆ ಅಲೆ ಗೊತ್ತಿತ್ತು.

ಕಡೇಪಕ್ಷ ಮೂರು ದಿನ ಇದರ ಮೇಲೇ ಇರಿ. ಬೇರೇನೂ ಮುಟ್ಟಬೇಡಿ.

ಆಮೇಲೆ ಎರಡು ಫಿನ್

ನಡುವಿನದನ್ನು ಬಿಚ್ಚಿದರೆ ಥ್ರಸ್ಟರ್ ಟ್ವಿನ್ ಆಗಿಬಿಡುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ಆಗುವುದಿಲ್ಲ. ಥ್ರಸ್ಟರಿನ ಮೀಡಿಯಂ ಫಿನ್ ಸುಮಾರು 4.5 ಇಂಚು ಎತ್ತರ. ಮೂವರು ಹೊರುವ ಭಾರವನ್ನು ಇಬ್ಬರು ಹೊರಬೇಕಾದಾಗ ಇಬ್ಬರೂ ದೊಡ್ಡವರಾಗಿರಬೇಕು, ಹಾಗಾಗಿ ನಿಜವಾದ ಟ್ವಿನ್ ಫಿನ್ 5 ಇಂಚು ದಾಟಿರುತ್ತದೆ. ಆದರೂ ಒಂದು ಸಣ್ಣ ಅಲೆಯ ದಿನ ನಡುವಿನದನ್ನು ಬಿಚ್ಚಿಟ್ಟು ಹೋಗಿ ಬನ್ನಿ. ಖರ್ಚಿಲ್ಲ, ನಡುವಿನ ಫಿನ್ ಇಷ್ಟು ದಿನ ಏನು ಮಾಡುತ್ತಿತ್ತು ಅಂತ ತಿಳಿಯಲು ಇದಕ್ಕಿಂತ ಸುಲಭದ ದಾರಿ ಇಲ್ಲ. ನನಗೆ ತಿಳಿದದ್ದು ಹೀಗೆ: ಅಭ್ಯಾಸಬಲದಿಂದ ಬಾಲವನ್ನು ಜೋರಾಗಿ ಒತ್ತಿದೆ, ಸೋಪು ನೀರು ಬಿದ್ದ ಕೆಂಪು ಗಾರೆ ನೆಲದ ಮೇಲೆ ಕಾಲಿಟ್ಟ ಹಾಗೆ ಬಾಲ ಸರ್ರನೆ ಹೋಯಿತು, ಬೋರ್ಡು ಒಂದು ಕಡೆ, ನಾನೊಂದು ಕಡೆ.

ಸರಿಯಾದ ಟ್ವಿನ್ ಸೆಟ್ ಸಿಕ್ಕ ಮೇಲೆ ಮಜಾ ಬೇರೆ. ಅಲೆ ಹಿಡಿದ ತಕ್ಷಣ ಓಡುತ್ತದೆ, ಜೀಕುವುದೇ ಬೇಡ. ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹಗುರವಾಗಿ ಹೊರಳುತ್ತದೆ. ಆದರೆ ಇದನ್ನು ಬಾಲದಿಂದ ಒದ್ದು ತಿರುಗಿಸಬಾರದು. ಮುಂಗಾಲಿನ ಮೇಲೆ ಭಾರ ಹಾಕಿ, ಬೋರ್ಡಿನ ಅಂಚನ್ನು ನೀರಿಗೆ ಹೂತು, ಮೈಯನ್ನು ವಾಲಿಸಿ ತಿರುಗಿಸಬೇಕು. ಥ್ರಸ್ಟರಿನಿಂದ ಬಂದವರಿಗೆ ಒಂದು ವಾರ ಹಿಡಿಯುತ್ತದೆ. ಅಲೆ ತಲೆಮಟ್ಟ ದಾಟಿದರೆ, ಮೈ ಕಡಿದಾಗಿದ್ದರೆ, ಹಿಡಿತ ಸಾಲದು ಅನಿಸುತ್ತದೆ. ಆಗ ಹಿಂದೆ ನಡುವೆ ಎರಡು ಮೂರು ಇಂಚಿನ ಪುಟಾಣಿ ಫಿನ್ ಒಂದನ್ನು ಸೇರಿಸುತ್ತಾರೆ, ಟ್ರೇಲರ್ ಅಂತ ಹೆಸರು. ನನ್ನ ಕೇಳಿದರೆ ನಮ್ಮ ಅಲೆಗೆ ಹೊಂದುವ ಜೋಡಣೆ ಇದೇ: ಟ್ವಿನ್ ಮತ್ತು ಒಂದು ಟ್ರೇಲರ್. ಬೇರೆಯವರು ಬೇರೆ ಹೇಳಬಹುದು, ಹೇಳಲಿ.

ಫಿಶ್ ಅಂತ ಬಾಲ ಸೀಳಿದ, ಅಗಲದ, ಗಿಡ್ಡ ಬೋರ್ಡು ನೋಡಿರುತ್ತೀರಿ. 1967ರ ಸುಮಾರಿಗೆ ಸ್ಯಾನ್ ಡಿಯಾಗೋದ ಸ್ಟೀವ್ ಲಿಸ್ ಅದನ್ನು ಮಾಡಿದ್ದು ಮಂಡಿಯೂರಿ ಸವಾರಿ ಮಾಡಲಿಕ್ಕೆ. ಅದರ ಫಿನ್‌ಗೆ ಕೀಲ್ ಅನ್ನುತ್ತಾರೆ, ಬುಡ ಬಹಳ ಉದ್ದ, ಎತ್ತರ ಕಮ್ಮಿ. ನೇರ ಓಟಕ್ಕೆ ಅದನ್ನು ಮೀರಿಸುವುದು ಕಷ್ಟ. ಗಕ್ಕನೆ ತಿರುಗು ಅಂದರೆ ಮಾತ್ರ ಕೇಳುವುದಿಲ್ಲ.

ನಾಲ್ಕು ಫಿನ್

ಇದಕ್ಕೆ ಕ್ವಾಡ್ ಅನ್ನುತ್ತಾರೆ. ಒಂದೇ ಬೋರ್ಡಿಗೆ ಮೂರೂ ನಾಲ್ಕೂ ಹಾಕಿ ನೋಡಲು ಐದು ಬಾಕ್ಸ್ ಇರಬೇಕು. ನನ್ನದರಲ್ಲಿ ಇತ್ತು. ಹೊಸ ಬೋರ್ಡು ಮಾಡಿಸುವವರು ದುಡ್ಡು ಸ್ವಲ್ಪ ಜಾಸ್ತಿಯಾದರೂ ಐದು ಬಾಕ್ಸ್ ಹಾಕಿಸಿಕೊಳ್ಳಿ. ಮುಂದಿನ ಎರಡು ಫಿನ್ ಥ್ರಸ್ಟರಿನದ್ದೇ, ಅವುಗಳ ಹಿಂದೆ ಸ್ವಲ್ಪ ಒಳಗೆ ಎರಡು ಸಣ್ಣವು. ನಡುಗೆರೆಯ ಮೇಲೆ ಏನೂ ಇಲ್ಲ. ಆದ್ದರಿಂದ ಬ್ರೇಕ್ ಇಲ್ಲ, ಆದರೆ ಬೋರ್ಡು ವಾಲಿದಾಗ ಆ ಕಡೆಯ ಎರಡೂ ಫಿನ್ ಒಟ್ಟಿಗೆ ನೀರಲ್ಲಿ ಕಚ್ಚಿಕೊಳ್ಳುತ್ತವೆ. ವೇಗವೂ ಇದೆ, ಹಿಡಿತವೂ ಇದೆ. ಹಾಗಾದರೆ ಎಲ್ಲರೂ ಇದನ್ನೇ ಯಾಕೆ ಹಾಕುವುದಿಲ್ಲ?

ಯಾಕೆಂದರೆ ಅದು ಹಳಿ ಹಿಡಿದ ರೈಲಿನ ಹಾಗೆ. ಹಿಡಿದ ಗೆರೆ ಬಿಡುವುದಿಲ್ಲ. ಅಲೆ ಮುಂದೆ ಮುಂದೆ ಒಡೆಯುತ್ತ ಹೋಗುವಾಗ ಅದನ್ನು ದಾಟಿ ಓಡಬೇಕು ಅಂದರೆ ಇದರಷ್ಟು ಒಳ್ಳೆಯದಿಲ್ಲ. ಆದರೆ ಮೇಲೆ ಹೋಗಿ ನೊರೆಯ ತುದಿಗೆ ಬಡಿದು ನೆಟ್ಟಗೆ ಕೆಳಗೆ ಬರಬೇಕು ಅಂದಾಗ, ಬಾಲದ ಕೆಳಗೆ ತಿರುಗಣಿಯಾಗಿ ಇರಬೇಕಾದ ಆ ನಡುವಿನ ಫಿನ್ ಇರುವುದಿಲ್ಲ. ತಿರುವು ಕೊನೆಯಲ್ಲಿ ಬಾಯಿ ತೆರೆದುಕೊಂಡು ಉಳಿದ ಹಾಗೆ, ಪೂರ್ತಿಯಾಗುವುದಿಲ್ಲ. ನಾನು ಕ್ವಾಡ್‌ನಲ್ಲಿ ಮೊದಲ ದಿನ ಮಾಡಿದ್ದೆಲ್ಲ ನೇರ ಓಟ. ಖುಷಿಯಾಗಿಯೇ ಇತ್ತು. ವೀಡಿಯೋ ನೋಡಿದಾಗ ಮಾತ್ರ ಗೊತ್ತಾಯಿತು, ಇಡೀ ಬೆಳಗ್ಗೆ ಒಂದೇ ಒಂದು ತಿರುವು ಹಾಕಿಲ್ಲ.

ಹಿಂದಿನ ಎರಡು ಫಿನ್ ಅಂಚಿಗೆ ಹತ್ತಿರ ಇದ್ದರೆ ಕ್ವಾಡ್ ಟ್ವಿನ್ ಥರ ಓಡುತ್ತದೆ. ನಡುಗೆರೆಗೆ ಹತ್ತಿರ ಇದ್ದರೆ ಥ್ರಸ್ಟರ್ ಥರ ಮಾತು ಕೇಳುತ್ತದೆ. ಬಾಕ್ಸ್ ಎಲ್ಲಿ ಕೂರಿಸಿದ್ದಾರೋ ಅಲ್ಲೇ, ನಾವು ಬದಲಿಸಲಾಗುವುದಿಲ್ಲ, ಆದ್ದರಿಂದ ಕೊಳ್ಳುವಾಗಲೇ ನೋಡಿಕೊಳ್ಳಿ. ಹಿಂದಿನ ಸಣ್ಣ ಫಿನ್‌ಗಳನ್ನು ಬದಲಿಸುವುದು ಮಾತ್ರ ನಮ್ಮ ಕೈಯಲ್ಲಿದೆ. ಹಿಂದಿನದು ಚಿಕ್ಕದಾದಷ್ಟೂ ಬಾಲ ಸಡಿಲ.

ಒಂದು ಫಿನ್

ಇದು ಲಾಂಗ್‌ಬೋರ್ಡಿನ ಊರು. ನನ್ನ ಗಿಡ್ಡ ಬೋರ್ಡಿಗೆ ಪಕ್ಕದವನ್ನು ತೆಗೆದು ನಡುವಿನ 4.5 ಇಂಚಿನದೊಂದನ್ನೇ ಬಿಟ್ಟು ಹೋಗಿದ್ದೆ. ಬಾಳೆಸಿಪ್ಪೆ ಮೇಲೆ ನಿಂತ ಹಾಗಿತ್ತು. ಮಾಡಬೇಡಿ.

ಒಂಬತ್ತು ಅಡಿ ಬೋರ್ಡಿಗೆ ಒಂಬತ್ತು ಇಂಚಿನ ಫಿನ್, ಹತ್ತಕ್ಕೆ ಹತ್ತು, ಇದು ಹಳೇ ಲೆಕ್ಕ ಮತ್ತು ಶುರುವಿಗೆ ಸಾಕಾಗುವ ಲೆಕ್ಕ. ಇಲ್ಲಿ ಆಟವೆಲ್ಲ ಆ ಉದ್ದ ಸೀಳಿನದು. ಫಿನ್‌ ಅನ್ನು ಪೂರ್ತಿ ಹಿಂದಕ್ಕೆ ಸರಿಸಿದರೆ ಬೋರ್ಡು ನೆಟ್ಟಗೆ, ನಿಧಾನಸ್ಥನಾಗಿ ಹೋಗುತ್ತದೆ, ಮುಂದೆ ಮುಂದೆ ನಡೆದು ಮೂಗಿನ ತುದಿಯಲ್ಲಿ ನಿಲ್ಲುವ ಆಸೆ ಇದ್ದವರಿಗೆ ಇದು. ಮುಂದಕ್ಕೆ ಸರಿಸಿದರೆ ಬೇಗ ತಿರುಗುತ್ತದೆ, ಆದರೆ ಅಲ್ಲಾಡುತ್ತದೆ. ಮೊದಲು ನಟ್ಟನಡುವೆ ಇಡಿ. ಆಮೇಲೆ ಒಂದು ಸಲಕ್ಕೆ ಅರ್ಧ ಇಂಚು ಮಾತ್ರ ಸರಿಸಿ. ಅರ್ಧ ಇಂಚಿನಲ್ಲಿ ಎಂಥ ವ್ಯತ್ಯಾಸ ಅಂತ ನಗಬೇಡಿ, ಹತ್ತು ಅಡಿ ಹಲಗೆಯೂ ಅದನ್ನು ಗುರುತಿಸುತ್ತದೆ. ಮೊದಲಿನ ಜಾಗಕ್ಕೆ ಪೆನ್ಸಿಲ್‌ನಲ್ಲಿ ಗುರುತು ಹಾಕಿಟ್ಟುಕೊಳ್ಳಿ.

ಪಕ್ಕದಲ್ಲಿ ಸಣ್ಣ ಎರಡು ಫಿನ್ ಸೇರಿಸುವ ಬೋರ್ಡೂ ಇರುತ್ತದೆ. ಹಾಗೆ ಸೇರಿಸುವಾಗ ನಡುವಿನದನ್ನು ಏಳು ಇಂಚಿಗೆ ಇಳಿಸಿ, ಇಲ್ಲದಿದ್ದರೆ ಫಿನ್ ಜಾಸ್ತಿಯಾಗಿ ಬೋರ್ಡು ಮೊಂಡಾಗುತ್ತದೆ.

ಪರೀಕ್ಷೆ ಮಾಡುವ ಬಗೆ

ಇಷ್ಟೆಲ್ಲ ಓದಿ ನೀವು ಒಂದೇ ಬೆಳಗ್ಗೆ ನಾಲ್ಕೂ ಹಾಕಿ ನೋಡಲು ಹೊರಟರೆ ಏನೂ ತಿಳಿಯುವುದಿಲ್ಲ. ಇಳಿತ ಉಬ್ಬರ ಬದಲಾದರೆ ಅಲೆಯೇ ಬೇರೆಯಾಗುತ್ತದೆ, ಅದರಲ್ಲೂ ನಂದಿನಿ ಶಾಂಭವಿ ಎರಡೂ ಬಂದು ಸೇರುವ ಸಸಿಹಿತ್ಲುವಿನಂಥ ಅಳಿವೆಯಲ್ಲಿ ಮರಳ ದಿಬ್ಬ ಇವತ್ತು ಇದ್ದಲ್ಲಿ ನಾಳೆ ಇರುವುದಿಲ್ಲ. ಆದ್ದರಿಂದ ಒಂದೇ ಜಾಗ, ಒಂದೇ ಬೆಳಗ್ಗೆ, ಎರಡೇ ಜೋಡಣೆ. ಒಂದರಲ್ಲಿ ಹತ್ತು ಅಲೆ, ದಡಕ್ಕೆ ಬಂದು ಬದಲಿಸಿ, ಇನ್ನೊಂದರಲ್ಲಿ ಹತ್ತು. ಮೊದಲ ಮೂರು ಅಲೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ, ಕಾಲು ಇನ್ನೂ ಹಳೆಯದರ ಗುಂಗಲ್ಲಿರುತ್ತದೆ.

ಒಂದು ಸಲಕ್ಕೆ ಒಂದೇ ಬದಲಾವಣೆ. ಅಳತೆಯೋ, ಎಣಿಕೆಯೋ, ವಸ್ತುವೋ, ಯಾವುದಾದರೂ ಒಂದು. ದಡಕ್ಕೆ ಬಂದ ಕೂಡಲೇ ಫೋನಲ್ಲಿ ಎರಡು ಸಾಲು ಬರೆದಿಡಿ, ಮನೆಗೆ ಹೋಗಿ ಇಡ್ಲಿ ತಿಂದ ಮೇಲೆ ಎಲ್ಲ ಜೋಡಣೆಯೂ ಚೆನ್ನಾಗಿಯೇ ಇತ್ತು ಅನಿಸುತ್ತದೆ. ಗೆಳೆಯರಿದ್ದರೆ ಇನ್ನೊಂದು ಆಟ ಆಡಿ: ಮೂರು ಮೂರು ಫಿನ್‌ನ ಎರಡು ಸೆಟ್ಟಿನಲ್ಲಿ ಯಾವುದು ಹಾಕಿದ್ದು ಅಂತ ನಿಮಗೆ ಹೇಳದೆ ಅವರೇ ಹಾಕಲಿ, ನೀವು ಅಡಿ ನೋಡದೆ ನೀರಿಗಿಳಿಯಿರಿ. ನಾನು ದುಬಾರಿ ಸೆಟ್ಟನ್ನು ಗುರುತಿಸಲು ಎರಡು ಸಲ ತಪ್ಪಿದ್ದೇನೆ. ಆಮೇಲೆ ಫಿನ್ ಮೇಲೆ ದುಡ್ಡು ಸುರಿಯುವುದು ನಿಲ್ಲಿಸಿದೆ. ಕೊಳ್ಳುವ ಮೊದಲು ಸಾಲ ಕೇಳಿ. ಮೂಲ್ಕಿಯಲ್ಲಿ ಮಂತ್ರ ಸರ್ಫ್ ಕ್ಲಬ್ ಶುರುವಾದದ್ದು 2004ರಲ್ಲಿ, ಅಲ್ಲಿಂದ ಈಚೆಗೆ ಈ ಕರಾವಳಿಯಲ್ಲಿ ಸರ್ಫರ್‌ಗಳ ಮನೆಯ ಡಬ್ಬಿಗಳಲ್ಲಿ ಬೇಕಾದಷ್ಟು ಒಂಟಿ ಫಿನ್‌ಗಳು ಸೇರಿಕೊಂಡಿವೆ.

ಫಿನ್ ಚೂಪು ಅನ್ನುವುದನ್ನು ಮರೆಯಬೇಡಿ. ಬಿದ್ದಾಗ ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡೇ ಮೇಲೆ ಬನ್ನಿ. ಹೊಸ ಫಿನ್‌ನ ಹಿಂದಂಚು ಬ್ಲೇಡಿನ ಹಾಗಿದ್ದರೆ ನಯವಾದ ಉಪ್ಪು ಕಾಗದದಲ್ಲಿ ಒಂದೆರಡು ಸಲ ಸವರಿ. ದಡಕ್ಕೆ ಬರುವಾಗ ಮೊಣಕಾಲು ನೀರು ಇರುವಾಗಲೇ ಇಳಿದುಬಿಡಿ, ಪಾದ ಮುಳುಗುವ ನೀರಿನವರೆಗೆ ಸವಾರಿ ಮಾಡಿಕೊಂಡು ಬಂದರೆ ಫಿನ್ ಮರಳಿಗೆ ನಾಟಿ ಬಾಕ್ಸ್ ಸಮೇತ ಕಿತ್ತು ಬರುತ್ತದೆ. ಜೂನ್ ಬಂತು, ಮೀನುಗಾರಿಕೆ ದೋಣಿಗಳು ದಡ ಸೇರಿದವು ಅಂದರೆ ಅಳಿವೆಯಲ್ಲಿ ಫಿನ್ ಪರೀಕ್ಷೆ ಬೇಡ.

ಪ್ರತಿ ಸಲ ಮುಗಿದ ಮೇಲೆ ಬಾಕ್ಸ್‌ಗೆ ಸಿಹಿನೀರು ಬಿಡಿ. ತಿಂಗಳಿಗೊಮ್ಮೆ ಫಿನ್ ಪೂರ್ತಿ ಬಿಚ್ಚಿ ಹಾಕಿ, ಇಲ್ಲದಿದ್ದರೆ ಉಪ್ಪು ಹಿಡಿದ ಸ್ಕ್ರೂ ಜನ್ಮದಲ್ಲಿ ಬಿಚ್ಚಿ ಬರುವುದಿಲ್ಲ. ಸ್ಕ್ರೂ ಬಿಗಿಯಾಯಿತು ಅನಿಸಿದ ಮೇಲೆ ಇನ್ನೊಂದು ಸುತ್ತು ತಿರುಗಿಸುವ ಆಸೆ ಬೇಡ. ಕೀಯನ್ನು ಜೇಬಲ್ಲಿ ಇಟ್ಟುಕೊಳ್ಳಬೇಡಿ, ನಾನು ಮರಳಿಗೆ ಮೂರು ಕಳೆದಿದ್ದೇನೆ. ಈಗ ಸ್ಕೂಟರಿನ ಕೀಚೈನ್‌ಗೇ ಕಟ್ಟಿದ್ದೇನೆ, ದಿನಾ ಯಾರಾದರೊಬ್ಬರು ಬಂದು ಕೇಳುತ್ತಾರೆ.